ಹದಿನಾಲ್ಕನೇ ಟೇಬಲ್ಲಿನ ವಿಮಾನದ ಸರಳು ತೆಗೆದವನ ಹೇಳಿಕೆ

ನಾನು, ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇಥ್ ಮೆಕ್ಯಾನಿಕ್, ಹುಡುಗರ ಬಾಯಲ್ಲಿ ಲೇಥಣ್ಣ, ವಯಸ್ಸು ಐವತ್ತೊಂಬತ್ತು, ವಾಸ ಕಾಲೇಜಿನ ಹಿಂಬದಿಯ ನೌಕರರ ವಸತಿ, ಎರಡನೇ ಸಾಲು, ಏಳನೇ ಮನೆ. ಈ ದಿನ ಬೆಳಿಗ್ಗೆ 9-05ಕ್ಕೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಕಾಲೇಜು ಸೇರುವ ಮೊದಲು ಹತ್ತೊಂಬತ್ತು ವರ್ಷ ವಿಮಾನ ರಿಪೇರಿಯ ಹ್ಯಾಂಗರ್‌ನಲ್ಲಿ ಕೆಲಸ ಮಾಡಿದವನು. ಈಗ ನಿವೃತ್ತಿಗೆ ಎಂಟು ತಿಂಗಳು ಉಳಿದಿದೆ.

ಕಳೆದ ಶುಕ್ರವಾರದಿಂದ ನಮ್ಮ ಕಾಲೇಜಿನಲ್ಲಿ ವಿಮಾನ ಮತ್ತು ಬಾಹ್ಯಾಕಾಶ ತಂತ್ರಜ್ಞಾನದ ಹ್ಯಾಕಥಾನ್, ಅಂದರೆ ಗಡುವಿನೊಳಗೆ ಹೊಸದೊಂದನ್ನು ಮಾಡಿ ತೋರಿಸುವ ಸ್ಪರ್ಧೆ ಇತ್ತು. ಇಪ್ಪತ್ತೆರಡು ತಂಡಗಳು. ಶನಿವಾರ ಸಂಜೆ ಆರಕ್ಕೆ ತಯಾರಿ ಮುಗಿಸಿ, ಭಾನುವಾರ 11 ಗಂಟೆಗೆ ಆಟದ ಮೈದಾನದಲ್ಲಿ ಹಾರಿಸಿ ತೋರಿಸಬೇಕಿತ್ತು. ನೋಡಲು ಎರಡು ಶಾಲೆಗಳಿಂದ ಸುಮಾರು ಮುನ್ನೂರು ಮಕ್ಕಳು ಬರುವವರಿದ್ದರು. ಹದಿನಾಲ್ಕನೇ ಟೇಬಲ್ಲಿನ ತಂಡದವರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರಕ್ತದ ಮಾದರಿ ಒಯ್ಯುವ ಪೈಲಟ್ ಇಲ್ಲದ ಪುಟ್ಟ ವಿಮಾನ ಮಾಡಿದ್ದರು. ರೆಕ್ಕೆಯ ಉದ್ದ ಎರಡೂವರೆ ಮೀಟರ್, ತೂಕ ನಾಲ್ಕೂವರೆ ಕಿಲೋ. ತಂಡದ ಮುಖ್ಯಸ್ಥನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಒಳ್ಳೆಯ ಹುಡುಗ, ಆದರೆ ಅವಸರದವನು.

ಭಾನುವಾರ ಬೆಳಿಗ್ಗೆ 6-50ಕ್ಕೆ ನಾನು ಕರೆಂಟಿನ ಬೋರ್ಡುಗಳನ್ನು ಪರೀಕ್ಷಿಸಲು ಹಾಲ್‌ಗೆ ಹೋದೆನು. ಒಳಗೆ ಯಾರೂ ಇರಲಿಲ್ಲ. ಹ್ಯಾಂಗರ್‌ನ ಅಭ್ಯಾಸ ಕೈಬಿಟ್ಟಿಲ್ಲ. ಯಾವ ವಿಮಾನದ ಪಕ್ಕದಲ್ಲಿ ಹಾದುಹೋದರೂ ಕೀಲುಗಳ ಮೇಲೆ ಉಗುರು ಎಳೆಯುತ್ತೇನೆ. ಹದಿನಾಲ್ಕನೇ ಟೇಬಲ್ಲಿನ ವಿಮಾನದಲ್ಲಿ ಎರಡು ರೆಕ್ಕೆಗಳನ್ನು ಜೋಡಿಸುವ ಹೆಬ್ಬೆರಳು ದಪ್ಪದ ಸರಳಿನ ಮೇಲೆ ಉಗುರು ತಡೆಯಿತು. ಕನ್ನಡಕ ಹಾಕಿಕೊಂಡು ನೋಡಿದಾಗ ಸ್ಕ್ರೂ ತೂತಿನಿಂದ ಹೊರಟು ಸುಮಾರು ಮೂರು ಸೆಂಟಿಮೀಟರ್ ಉದ್ದ, ಕೂದಲೆಳೆಯಷ್ಟು ಬಿರುಕು ಇತ್ತು. ಮೇಲೆ ಹೋಗಿ ಒಮ್ಮೆ ಜೋರಾಗಿ ತಿರುಗಿದರೆ ಸರಳು ಮುರಿಯುತ್ತದೆ, ರೆಕ್ಕೆ ಮಡಚಿಕೊಳ್ಳುತ್ತದೆ, ನಾಲ್ಕೂವರೆ ಕಿಲೋ ನೇರ ಕೆಳಗೆ ಬರುತ್ತದೆ.

ಕ್ಯಾಪ್ಟನ್‌ಗೆ ಎರಡು ಸಲ ಫೋನ್ ಮಾಡಿದೆನು, ಎತ್ತಲಿಲ್ಲ. ಎರಡು ದಿನ ನಿದ್ದೆಗೆಟ್ಟು ಮಲಗಿದ್ದನೆಂದು ಆಮೇಲೆ ತಿಳಿಯಿತು. 7-15ಕ್ಕೆ ಕಾರ್ಯಕ್ರಮದ ಸಂಯೋಜಕರಾದ ಉಪನ್ಯಾಸಕರ ಕೋಣೆಗೆ ಹೋಗಿ ವಿಷಯ ತಿಳಿಸಿದೆನು. ಅವರು ಅತಿಥಿಗಳ ಪಟ್ಟಿ ನೋಡುತ್ತಿದ್ದರು. ತೀರ್ಪುಗಾರರು ನಿನ್ನೆಯೇ ಪರೀಕ್ಷಿಸಿ ಒಪ್ಪಿದ್ದಾರೆ, ಈಗ ಹೊಸ ತಕರಾರು ತೆಗೆಯಬೇಡಿ, ನಿಮ್ಮ ಲೇಥ್ ನೀವು ನೋಡಿಕೊಳ್ಳಿ ಎಂದರು.

7-25ಕ್ಕೆ ನಾನು ಹಾಲ್‌ಗೆ ಮರಳಿ, ನಾಲ್ಕು ಸ್ಕ್ರೂ ಬಿಚ್ಚಿ, ಆ ಸರಳನ್ನು ತೆಗೆದುಕೊಂಡು ಹೋದೆನು. ಅದೇ ಅಳತೆಯ ಅಲ್ಯೂಮಿನಿಯಂ ಸರಳನ್ನು ಲೇಥಿನಲ್ಲಿ ಕಡೆದು ಮಾಡಿ ಹತ್ತು ಗಂಟೆಯೊಳಗೆ ಕೂರಿಸುವುದು ನನ್ನ ಯೋಚನೆಯಾಗಿತ್ತು. ಟೇಬಲ್ ಮೇಲೆ ಚೀಟಿ ಬರೆದಿಡಲಿಲ್ಲ. ನಾಲ್ಕು ಅಕ್ಷರ ಗೀಚಿದ್ದರೆ ನಾನು ಈ ದಿನ ಇಲ್ಲಿ ಕೂರಬೇಕಾಗಿರಲಿಲ್ಲ.

ವರ್ಕ್‌ಶಾಪ್ ಹಾಲ್‌ನಿಂದ 280 ಮೀಟರ್ ದೂರದಲ್ಲಿದೆ. ಲೇಥ್ ತಿರುಗುತ್ತಿದ್ದರೆ ಹೊರಗಿನದೇನೂ ಕೇಳಿಸುವುದಿಲ್ಲ. ಕೆಲಸ 9-50ಕ್ಕೆ ಮುಗಿಯಿತು. ಹೊಸ ಸರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು 10-02ಕ್ಕೆ ಹಾಲ್ ತಲುಪಿದೆನು.

ಬಾಗಿಲ ಬಳಿ ಐವತ್ತು ಅರವತ್ತು ಜನ ಸೇರಿದ್ದರು. ಸರಳು ಕಳುವಾಗಿದೆ ಎಂದು ಕ್ಯಾಪ್ಟನ್ 9-10ಕ್ಕೇ ದೂರಿದ್ದನಂತೆ. ಬೆಳಿಗ್ಗೆ 6-30ಕ್ಕೆ ಒಬ್ಬ ಹುಡುಗಿ ಆ ಟೇಬಲ್ಲಿನ ಬಳಿ ನಿಂತಿದ್ದನ್ನು ನೋಡಿದೆನೆಂದು ಕಾವಲುಗಾರ ಹೇಳಿದನಂತೆ. ಆ ಹುಡುಗಿ ಮೂರನೇ ವರ್ಷದವಳು. ಸದಾ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಓಡಾಡುವುದರಿಂದ ಗೆಳತಿಯರು ಅವಳನ್ನು ಸ್ಕೇಲು ಎಂದೇ ಕರೆಯುತ್ತಾರೆ. ಅವಳೂ ಮೊದಲು ಅದೇ ತಂಡದಲ್ಲಿದ್ದು, ಶುಕ್ರವಾರ ರಾತ್ರಿ ಕ್ಯಾಪ್ಟನ್ ಜೊತೆ ಜಗಳವಾಡಿ ಹೊರಬಂದಿದ್ದಳು.

ನಾನು ಹೋದಾಗ ಅವಳ ಬ್ಯಾಗನ್ನು ಟೇಬಲ್ ಮೇಲೆ ಸುರಿದಿದ್ದರು. ಎರಡು ನೋಟ್‌ಬುಕ್, ಊಟದ ಡಬ್ಬಿ, ಒಂದು ಜೊತೆ ಕಾಲುಚೀಲ, ಸ್ಕೇಲ್, ಮತ್ತು ಆ ಸ್ಕ್ರೂಗಳಿಗೆ ಸರಿಹೊಂದುವ ಅಲೆನ್ ಕೀ. ಸರಳು ಸಿಗಲಿಲ್ಲ. ಆದರೆ ಅಲೆನ್ ಕೀ ಸಿಕ್ಕಿದ್ದೇ ಎಲ್ಲರಿಗೂ ಸಾಕಾಯಿತು. ಯಾರು ತೆಗೆದಿದ್ದರೂ ಅವರನ್ನು ಕಾಲೇಜಿನಿಂದ ತೆಗೆದು ಪೊಲೀಸರಿಗೆ ಒಪ್ಪಿಸುವುದಾಗಿ ಸಂಯೋಜಕರು ಹೇಳುತ್ತಿದ್ದರು. ಹುಡುಗಿ ಒಂದೊಂದೇ ವಸ್ತು ಎತ್ತಿ ಬ್ಯಾಗಿಗೆ ಹಾಕುತ್ತಿದ್ದಳು. ಕಾಲುಚೀಲವನ್ನು ಮೊದಲು ಹಾಕಿದಳು. ಡಬ್ಬಿಯ ಮುಚ್ಚಳ ಮೂರು ಸಲ ಒತ್ತಿದರೂ ಕೂರಲಿಲ್ಲ.

ನಾನು ಕಂಬದ ಪಕ್ಕ, ಅವಳಿಂದ ಸುಮಾರು ಆರು ಮೀಟರ್ ದೂರದಲ್ಲಿ, ಹನ್ನೊಂದು ನಿಮಿಷ ನಿಂತಿದ್ದೆನು. ಎದುರಿಗೆ ಗೋಡೆ ಗಡಿಯಾರವಿದ್ದುದರಿಂದ ಸಮಯ ನಿಖರವಾಗಿ ಗೊತ್ತಿದೆ. ಬಾಯಿ ತೆರೆಯಲು ಎರಡು ಸಲ ಹೋದೆನು. ಎರಡು ಸಲವೂ ಉಳಿದ ಎಂಟು ತಿಂಗಳ ನೌಕರಿ ನೆನೆದು ತಡೆದೆನು. ಸಂಯೋಜಕರು ನನ್ನನ್ನು ಕಂಡು ಕೈಯಲ್ಲೇನು ಎಂದು ಕೇಳಿದರು. ಲೇಥಿನ ಭಾಗ ಎಂದು ಸುಳ್ಳು ಹೇಳಿ ವರ್ಕ್‌ಶಾಪಿಗೆ ಹಿಂದಿರುಗಿದೆನು.

ಹದಿನಾಲ್ಕನೇ ತಂಡ ವಿಮಾನ ಹಾರಿಸಲಿಲ್ಲ. 11-30ಕ್ಕೆ ಸಂಯೋಜಕರು ಈ ಠಾಣೆಗೆ ದೂರು ಬರೆದು ಕಳುಹಿಸಿದರು. 12 ಗಂಟೆಗೆ ಹುಡುಗಿಯ ತಾಯಿ ಬಂದು ಅವಳನ್ನು ಕರೆದುಕೊಂಡು ಹೋದರು. ತಾಯಿ ಶಾಲಾ ವ್ಯಾನಿನ ಚಾಲಕಿ. ಅಷ್ಟೂ ಸೀಟು ಖಾಲಿ ಇದ್ದ ವ್ಯಾನಿನಲ್ಲಿ ಹುಡುಗಿ ತಾಯಿಯ ಪಕ್ಕ ಕೂರದೆ ಕೊನೆಯ ಸೀಟಿಗೆ ಹೋಗಿ ಕುಳಿತಳು.

ಸಂಜೆ 7-30ಕ್ಕೆ ಊಟಕ್ಕೆ ಕೂತಾಗ ನನ್ನ ಹೆಂಡತಿ ಏನಾಯಿತೆಂದು ಕೇಳಿದಳು. ಎಲ್ಲವನ್ನೂ ಹೇಳಿದೆನು. ಮುನ್ನೂರು ತಲೆ ಉಳಿಸಿದ್ದೇನೆ, ಒಂದು ಮಾತು ತಡವಾದರೆ ಏನಾಯಿತು ಎಂದೂ ಸೇರಿಸಿದೆನು. ಅವಳು ಬಡಿಸುವುದನ್ನು ನಿಲ್ಲಿಸಿ ಹೇಳಿದ್ದು ಇಷ್ಟು: "ಆ ಮಗು ತಲೆ ಮೇಲೆ ಗೂಬೆ ಕೂರಿಸಿ ಬಂದು ಊಟಕ್ಕೆ ಕೂತಿದ್ದೀರಲ್ಲ, ಗಂಟಲಲ್ಲಿ ಇಳಿಯುತ್ತಾ ನೋಡಿ." ಇಳಿಯಲಿಲ್ಲ.

ಈ ದಿನ ಬೆಳಿಗ್ಗೆ 6-40ಕ್ಕೆ ನಾಲ್ಕು ಕಿಲೋಮೀಟರ್ ದೂರದ ಆ ಹುಡುಗಿಯ ಮನೆಗೆ ಬಸ್ಸಿನಲ್ಲಿ ಹೋದೆನು. ತಾಯಿ ಮನೆಯ ಮುಂದೆ ವ್ಯಾನ್ ತೊಳೆಯುತ್ತಿದ್ದರು. ನಾನು ನಿಂತಲ್ಲೇ ನಿಜ ಹೇಳಿದೆನು. ಹೇಳಿ ಮುಗಿಯುವವರೆಗೂ ಅವರು ಪೈಪಿನ ನೀರನ್ನು ಒಂದೇ ಚಕ್ರದ ಮೇಲೆ ಬಿಡುತ್ತಿದ್ದರು. ಆಮೇಲೆ ನಲ್ಲಿ ನಿಲ್ಲಿಸಿ, ನಿನ್ನೆಯಿಂದ ಮಗಳು ಒಂದು ಮಾತೂ ಆಡಿಲ್ಲ, ಇದನ್ನು ಅವಳ ಮುಂದೆಯೇ ಹೇಳಬೇಕು ಎಂದರು.

ಹುಡುಗಿ ಹೊರಗೆ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆನು. ಅವಳು ಕೇಳಿದ್ದು ಬೇರೆ: "ಬಿರುಕು ತೂತಿನ ಹತ್ರಾನೇ ಇತ್ತಾ ಅಣ್ಣ?"

ಹೌದು, ತೂತಿನಿಂದಲೇ ಹೊರಟಿದೆ ಎಂದೆನು. ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಲ್ಲಿಂದಲೇ ತಿಳಿಸಿದಳು: ತೂತು ಅಂಚಿಗೆ ಅಷ್ಟು ಹತ್ತಿರವಿದ್ದರೆ ಸರಳು ಸೀಳುತ್ತದೆ ಎಂದು ಅವಳು ಹೇಳಿದ್ದಕ್ಕೇ ತಂಡದಲ್ಲಿ ಜಗಳವಾದದ್ದು. ಬದಲಿಸಲು ಹೊತ್ತಿಲ್ಲ ಎಂದು ಕ್ಯಾಪ್ಟನ್ ಒಪ್ಪಲಿಲ್ಲ. ಮನಸ್ಸು ತಡೆಯದೆ ಭಾನುವಾರ ಬೆಳಿಗ್ಗೆ ಬಿಚ್ಚಿ ನೋಡಲೆಂದು ಅಲೆನ್ ಕೀ ತಂದಿದ್ದಳು. ಕಾವಲುಗಾರ ಬಂದಿದ್ದರಿಂದ ಮುಟ್ಟದೆ ಹೋದಳು. ಇದನ್ನು ಹಾಲ್‌ನಲ್ಲಿ ಏಕೆ ಹೇಳಲಿಲ್ಲ ಎಂದು ತಾಯಿ ಕೇಳಿದ್ದಕ್ಕೆ, ಸಿಕ್ಕಿಬಿದ್ದ ಮೇಲೆ ಕಥೆ ಕಟ್ಟುತ್ತಾಳೆ ಅನ್ನುತ್ತಿದ್ದರು ಎಂದಳು.

ನಾನು ಅಲ್ಲಿಂದಲೇ ಕ್ಯಾಪ್ಟನ್‌ಗೆ ಫೋನ್ ಮಾಡಿ ಠಾಣೆಗೆ ಬರಹೇಳಿ, ತಾಯಿ ಮಗಳ ಜೊತೆ ಅವರ ವ್ಯಾನಿನಲ್ಲಿ ಹೊರಟೆನು. 8-50ಕ್ಕೆ ಅವನು ಠಾಣೆಯ ಗೇಟಿನ ಬಳಿ ಬಂದನು. ಹಳೆಯ ಸರಳನ್ನು ಅವನ ಕೈಗಿತ್ತು ಉಗುರು ಎಳೆಯಲು ಹೇಳಿದೆನು. ಎಳೆದನು. ಮತ್ತೊಮ್ಮೆ ಎಳೆದನು. ಆಮೇಲೆ ಮೈದಾನದಲ್ಲಿ ಶಾಲಾ ಮಕ್ಕಳನ್ನು ಯಾವ ಕಡೆ ಕೂರಿಸಿದ್ದರು ಎಂದು ಕೇಳಿದನು. ವಿಮಾನ ತಿರುಗಬೇಕಿದ್ದ ಕಡೆಯೇ ಎಂದೆನು. ಅವನು ಸರಳನ್ನು ನನಗೆ ಹಿಂದಿರುಗಿಸಿದನು. ಹುಡುಗಿಯ ಕಡೆ ತಿರುಗಿ ತಪ್ಪಾಯಿತು ಎಂದನು.

ಆಕೆ ಉತ್ತರಿಸಿದ್ದು: "ಇಲ್ಲಿ ಬೇಡ. ನನ್ನ ಬ್ಯಾಗು ಸುರಿದ ಜಾಗದಲ್ಲಿ, ಅಷ್ಟೇ ಜನರ ಮುಂದೆ ಹೇಳು." ಈ ದಿನ ಮಧ್ಯಾಹ್ನವೇ ಹಾಗೆ ಹೇಳಲು ಅವನು ಒಪ್ಪಿರುತ್ತಾನೆ. ಅದೇ ಜಾಗದಲ್ಲಿ ನಾನೂ ಹೇಳುವವನಿದ್ದೇನೆ. ಸಂಯೋಜಕರಿಗೂ ಫೋನಿನಲ್ಲಿ ತಿಳಿಸಿದ್ದೇನೆ. ನೀವು ನಿನ್ನೆ ಬೆಳಿಗ್ಗೆ ಬಂದು ಹೇಳಿದ್ದು ನಿಜ ಎಂದು ಮಾತ್ರ ಅವರು ಹೇಳಿದರು.

ಬಿರುಕಿನ ಸರಳನ್ನೂ ನಾನು ಮಾಡಿದ ಹೊಸ ಸರಳನ್ನೂ ಹಾಜರುಪಡಿಸಿದ್ದೇನೆ. ದೂರಿನಲ್ಲಿ ಆ ಹುಡುಗಿಯ ಹೆಸರಿರುವ ಕಡೆಯೆಲ್ಲ ನನ್ನ ಹೆಸರು ಬರಬೇಕೆಂದು ಕೋರುತ್ತೇನೆ. ಕಾಲೇಜಿನವರು ಏನು ಕ್ರಮ ಕೈಗೊಂಡರೂ ನನ್ನ ತಕರಾರಿಲ್ಲ.

ನಾನು ಹೇಳಿದಂತೆ ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡು ಓದಿ ಹೇಳಿದರು. ಸರಳು ತೆಗೆದದ್ದಕ್ಕೂ ಸುಮ್ಮನಿದ್ದದ್ದಕ್ಕೂ ಅವರು 'ಸದುದ್ದೇಶದಿಂದ' ಎಂದು ಬರೆದಿದ್ದರು. ಮೊದಲನೆಯದಕ್ಕೆ ಆ ಮಾತು ಇರಲಿ, ಎರಡನೆಯದಕ್ಕೆ ಬೇಡ ಎಂದು ನಾನೇ ಕೇಳಿ ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲವೂ ನಾನು ಹೇಳಿದಂತೆಯೇ ಇದೆ, ನನ್ನ ಅರಿವಿಗೆ ನಿಜವಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನೇಳು, ಸೋಮವಾರ, ಬೆಳಿಗ್ಗೆ 10-20
ಸಹಿ: (ಲೇಥಣ್ಣ)