ಹಸಿರು ಸೀರೆ ಕೇಳಿ ಬಂದವರು

ಒಂದು ಪೇಟೆ. ಆ ಪೇಟೆಯಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ಇದ್ದರು. ಒಳ್ಳೆಯವರೇ. ದೇವರು ಕೊಟ್ಟಿದ್ದ, ಅವರೂ ಕೈ ಬಿಚ್ಚಿ ಕೊಡುತ್ತಿದ್ದರು. ಅವರಿಗಿದ್ದದ್ದು ಒಂದೇ ಕೊರಗು. ಅಂಗಡಿಯ ಹೆಣ್ಣುಮಕ್ಕಳು ಗಿರಾಕಿಗಳ ಮುಂದೆ ಮುಖ ಗಂಟು ಹಾಕಿಕೊಳ್ಳುತ್ತಾರೆ ಅಂತ. ನೋಡಿ, ಅದು ಆ ಹುಡುಗಿಯರ ತಪ್ಪೂ ಅಲ್ಲ. ಕಪಾಟಿನಲ್ಲಿದ್ದ ಸೀರೆಯನ್ನೆಲ್ಲ ಬಿಚ್ಚಿ ತೋರಿಸಿದ ಮೇಲೆ ಗಿರಾಕಿ ‘ಇನ್ನೊಂದು ಅಂಗಡಿ ನೋಡ್ಕೊಂಡು ಬರ್ತೀವಿ’ ಅಂತ ಎದ್ದು ಹೋದರೆ, ಅಷ್ಟನ್ನೂ ಮತ್ತೆ ಮಡಚಬೇಕಾದವಳ ಮುಖ ಹೇಗಿರುತ್ತೆ? ನಗಬೇಡಿ ತಾಯಂದಿರೇ, ಹಾಗೆ ಎದ್ದು ಬಂದವರು ನಾವೇ.

ಸಾಹುಕಾರರು ಯೋಚನೆ ಮಾಡಿ ಅಂಗಡಿಯ ಮಹಡಿ ಮೇಲೆ ಒಂದು ತರಬೇತಿ ಶುರು ಮಾಡಿಸಿದರು. ಕಲಿಸುವುದಕ್ಕೆ ವಿನುತಾ ಅನ್ನುವ ಮೇಡಂ ಬಂದರು. ಪಾಠ ಹೇಳುವವರೂ ಅವರೇ, ಪರೀಕ್ಷೆ ಮಾಡಿ ಅಂಕ ಹಾಕುವವರೂ ಅವರೇ. ಬಂದವರನ್ನು ಹೇಗೆ ಕರೆಯಬೇಕು, ಹೇಗೆ ತಲೆಯಾಡಿಸಿ ಕೇಳಬೇಕು, ಸಿಟ್ಟಾದವರನ್ನು ಹೇಗೆ ಸಮಾಧಾನ ಮಾಡಬೇಕು, ಹೇಗೆ ಬೀಳ್ಕೊಡಬೇಕು, ಎಲ್ಲಕ್ಕೂ ಪಾಠ. ಇದಕ್ಕೆ ಈಗ ಸಾಫ್ಟ್ ಸ್ಕಿಲ್ಸ್ ಅಂತಾರೆ. ನಮ್ಮ ಹಿರಿಯರು ನಯ ವಿನಯ ಅನ್ನುತ್ತಿದ್ದರು. ಹೆಸರು ಯಾವುದಾದರೇನು, ಕಲಿಯಬೇಕಾದ್ದೇ. ಪರೀಕ್ಷೆ ಪಾಸಾದವರಿಗೆ ಒಂದು ಸರ್ಟಿಫಿಕೇಟು. ಸರ್ಟಿಫಿಕೇಟು ಬಂದವರಿಗೆ ಕೌಂಟರಿನಲ್ಲಿ ಕಾಯಂ ಕೆಲಸ. ಬರದವರಿಗೆ ಮದುವೆ ಸೀಸನ್ ಮುಗಿದ ಮೇಲೆ ಕೆಲಸವೇ ಇಲ್ಲ.

ಅಲ್ಲಿ ಹಿಂದಿನ ಕೋಣೆಯಲ್ಲಿ ಸೀರೆ ಮಡಚುವ ಹೆಣ್ಣುಮಗಳೊಬ್ಬಳಿದ್ದಳು. ಕಸ್ತೂರಿ ಅನ್ನೋಣ. ಗಂಡ ಲಾರಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಚಿಕ್ಕ ಮಗು, ವಯಸ್ಸಾದ ಅತ್ತೆ. ಈ ಕೆಲಸ ಕಾಯಂ ಆದರೆ ಮನೆ ನಿಲ್ಲುತ್ತೆ, ಇಲ್ಲದಿದ್ದರೆ ಇಲ್ಲ. ಅವಳಿಗೆ ಎಲ್ಲ ಪಾಠ ಬರುತ್ತಿತ್ತು, ನಗುವುದೊಂದು ಬರುತ್ತಿರಲಿಲ್ಲ. ಕಷ್ಟದಲ್ಲಿರುವ ಮನೆಯವಳು, ತುಟಿ ಅರಳಬೇಕಲ್ಲ? ಪಾತ್ರೆ ತೊಳೆಯುವಾಗ ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ನಗು ಅಭ್ಯಾಸ ಮಾಡುತ್ತಿದ್ದಳು.

ಅತ್ತೆ ನೋಡಿದರು. “ಏನೇ ಕಸ್ತೂರಿ, ತಟ್ಟೆ ಜೊತೆ ಏನು ನಿಂದು ಮಾತುಕತೆ?”

“ನಗೋದು ಕಲೀತಿದೀನಿ ಅತ್ತೆ. ಅದಕ್ಕೂ ಮಾರ್ಕ್ಸ್ ಇದೆ.”

“ಮಾರ್ಕ್ಸಾ? ನಮ್ಮ ಕಾಲದಲ್ಲಿ ಸೊಸೆ ನಕ್ಕರೆ ಬೈತಿದ್ರು. ಎಲ್ಲಿ, ನಗು ನೋಡೋಣ.”

ನಕ್ಕಳು.

“ಹಲ್ಲುನೋವು ಬಂದೋರ ಹಾಗಿದೆ. ಇನ್ನೊಂಚೂರು ತಿಕ್ಕು,” ಅಂದರು ಅತ್ತೆ. ಆಮೇಲೆ ತಾವೇ ಚಾಪೆ ಮೇಲೆ ಗಿರಾಕಿಯಾಗಿ ಕೂತರು. “ಏನಮ್ಮ, ಈ ಸೀರೆ ಬಣ್ಣ ಬಿಡುತ್ತಾ?”

“ಇಲ್ಲ ಮೇಡಂ, ಒಂದು ಸಲ ಒಗೆದು ನೋಡಿ.”

“ಮೇಡಂ ಅಂತೆ. ದಿನಾ ಹಿಂಗೇ ಕರಿ, ಬೆಳಗ್ಗೆ ಕಾಫಿ ನಾನೇ ಮಾಡಿಕೊಡ್ತೀನಿ.”

ಮಲಗಿದ್ದ ಗಂಡ ಗೋಡೆ ಕಡೆ ತಿರುಗಿಕೊಂಡು ನಕ್ಕ. ಹಾಗೂ ಹೀಗೂ ಮನೆಯವರೆಲ್ಲ ಸೇರಿ ಕಸ್ತೂರಿಗೆ ನಗು ಕಲಿಸಿದರು.

ಪರೀಕ್ಷೆಯ ದಿನ ಬಂತು. ಅಂಗಡಿಯಲ್ಲೇ ಪರೀಕ್ಷೆ, ನಿಜವಾದ ಗಿರಾಕಿಯ ಮುಂದೆ. ಮೇಡಂ ಪಕ್ಕದಲ್ಲಿ ಕೂತು ನೋಡುತ್ತಾರೆ. ಬಿಚ್ಚಿದ ಸೀರೆ ಮಡಚಿ ಇಡುವ ತನಕ ಕೌಂಟರ್ ಬಿಟ್ಟು ಏಳುವ ಹಾಗಿಲ್ಲ, ಎದ್ದರೆ ಫೇಲು. ಕಸ್ತೂರಿಗೆ ಮೊದಲ ಸರದಿ. ಬಾಗಿಲು ತೆರೆದು ದೀಪ ಹಚ್ಚಿದ್ದಾರೆ, ಊದುಬತ್ತಿ ಇನ್ನೂ ಉರಿಯುತ್ತಿದೆ, ಅಷ್ಟರಲ್ಲಿ ಬೋಣಿ ಗಿರಾಕಿ ಒಳಗೆ ಬಂದರು. ಐವತ್ತು ದಾಟಿದ ಗಂಡಸು. ಒಬ್ಬರೇ.

“ಬನ್ನಿ ಸರ್, ನಮಸ್ಕಾರ. ಯಾವ ಫಂಕ್ಷನ್‌ಗೆ ನೋಡ್ತಿದೀರಾ?” ಕಸ್ತೂರಿ ನಕ್ಕಳು. ಚೆನ್ನಾಗಿ ನಕ್ಕಳು.

“ಮನೆಯವರಿಗೆ,” ಅಂದರು ಅವರು. “ಹಸಿರು ಸೀರೆ ಬೇಕಿತ್ತು.”

“ಒಳ್ಳೇ ಆಯ್ಕೆ ಸರ್. ರೇಷ್ಮೆ ತೋರಿಸ್ಲಾ? ಬ್ಲೌಸ್ ಪೀಸ್ ಜೊತೆಗೇ ಬರುತ್ತೆ, ಹೊಲಿಯೋರೂ ನಮ್ಮಲ್ಲೇ ಇದಾರೆ.”

“ಹೊಲಿಗೆ ಬೇಡಮ್ಮ.”

“ಹಾಗಾದ್ರೆ ಫಾಲ್ ಹಾಕಿಸಿ ಕೊಡ್ತೀವಿ ಸರ್. ಸಂಜೆಗೆ ರೆಡಿ ಆಗುತ್ತೆ.”

“ಫಾಲೂ ಬೇಡ. ಈಗಲೇ ಬೇಕು.”

ಇಲ್ಲಿ ಸ್ವಲ್ಪ ನಿಲ್ಲಿ. ನಿಮಗೆ ಗೊತ್ತಾಯಿತಲ್ಲ? ಹಸಿರು ಸೀರೆ. ಹೊಲಿಗೆ ಬೇಡ, ಫಾಲ್ ಬೇಡ. ಈಗಲೇ ಬೇಕು. ಕೊಳ್ಳಲು ಬಂದವರು ಗಂಡಸು, ಒಬ್ಬರೇ. ಇಲ್ಲಿ ಕೂತಿರುವ ಒಬ್ಬ ತಾಯಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಯಾವ ಬಣ್ಣ ಉಡಿಸುತ್ತಾರೆ ಅಂತ ನಮಗೆ ಯಾವ ತರಬೇತಿಯೂ ಕಲಿಸಿಲ್ಲ, ಆದರೂ ಗೊತ್ತು. ಕಸ್ತೂರಿಗೂ ಗೊತ್ತಿತ್ತು. ಮತ್ತೆ ಯಾಕೆ ಹೊಳೆಯಲಿಲ್ಲ? ಅವರು ಮಾತಾಡುವಾಗೆಲ್ಲ ಅವಳು ತಲೆಯಾಡಿಸುತ್ತಿದ್ದಳು. ತಲೆಯಾಡಿಸುವುದಕ್ಕೆ ಅಂಕ ಇತ್ತು. ಒಳಗೆ ಮಾತ್ರ ತನ್ನ ಮುಂದಿನ ವಾಕ್ಯವನ್ನು ನೆನಪು ಮಾಡಿಕೊಳ್ಳುತ್ತಿದ್ದಳು. ತನ್ನ ಮಾತಿಗೆ ಕಾಯುತ್ತಿರುವವರಿಗೆ ಇನ್ನೊಬ್ಬರ ಮಾತು ಕೇಳಿಸುತ್ತಾ?

ಅವಳು ಬಿಚ್ಚಿ ಹರಡಿದ್ದ ಹಸಿರು ಸೀರೆಗಳಲ್ಲಿ ಮೇಲಿದ್ದ ಒಂದನ್ನು ಅವರು ಎತ್ತಿಕೊಂಡರು. ಬೆಲೆ ಕೇಳಲಿಲ್ಲ. ಸಾಹುಕಾರರು ಗಲ್ಲಾದಲ್ಲಿ ಕೂತಿದ್ದರು. ತಲೆ ಎತ್ತದೆ ನೋಟು ತೆಗೆದುಕೊಂಡು, ಬೋಣಿ ದುಡ್ಡು ನೋಡಿ, ಕಣ್ಣಿಗೊತ್ತಿಕೊಂಡರು. “ಒಳ್ಳೇ ಬೋಣಿ ಆಯ್ತು ಸ್ವಾಮಿ,” ಅಂದರು.

ಬಾಗಿಲ ಹತ್ತಿರ ಕಸ್ತೂರಿ ಕೊನೆಯ ವಾಕ್ಯ ಹೇಳಿದಳು. ಕಲಿಸಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. “ಧನ್ಯವಾದ ಸರ್, ಮತ್ತೆ ಬನ್ನಿ. ಮುಂದಿನ ಸಲ ಮೇಡಂ ಅವರನ್ನೂ ಕರ್ಕೊಂಡು ಬನ್ನಿ.”

ಅವರು ಒಂದು ಗಳಿಗೆ ಅವಳ ಮುಖ ನೋಡಿದರು. “ಆಯ್ತಮ್ಮ,” ಅಂದು ಮೆಟ್ಟಿಲಿಳಿದರು.

ವಿನುತಾ ಮೇಡಂಗೆ ಬಹಳ ಸಂತೋಷವಾಯಿತು. ಎಲ್ಲದಕ್ಕೂ ಪೂರ್ತಿ ಅಂಕ. ಕಸ್ತೂರಿ ಉಳಿದ ಹಸಿರು ಸೀರೆಗಳನ್ನು ಮಡಚುವುದಕ್ಕೆ ಕೂತಳು. ಮಡಚುವುದು ಅವಳಿಗೆ ಯೋಚಿಸದೆ ಬರುವ ಕೆಲಸ. ಕೈ ತನ್ನ ಪಾಡಿಗೆ ಮಡಚುತ್ತಿತ್ತು, ಮನಸ್ಸು ಖಾಲಿಯಾಯಿತು. ಖಾಲಿಯಾದ ಮನಸ್ಸಿಗೆ ಆಗ ಕೇಳಿಸಿತು. ಫಾಲೂ ಬೇಡ, ಈಗಲೇ ಬೇಕು. ಅವಳ ಕೈ ಸೀರೆಯ ಅರ್ಧದಲ್ಲಿ ನಿಂತಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆಗಿದ್ದು ಆಯಿತು, ಅವರು ಯಾರೋ ನಾವು ಯಾರೋ ಅನ್ನಬಹುದಿತ್ತು. ಅಂಕ ಬಂದಾಗಿದೆ, ಇನ್ನು ನಾಲ್ಕು ಸೀರೆ ಮಡಚಿದರೆ ಕೆಲಸ ಕಾಯಂ. ಗಂಡನ ಔಷಧಿ, ಮಗುವಿನ ಹಾಲು, ಎಲ್ಲ ಆ ನಾಲ್ಕು ಸೀರೆಯ ಆಚೆ ಇದೆ. ಕಸ್ತೂರಿ ಎದ್ದಳು. ಚಪ್ಪಲಿ ಹಿಂದಿನ ಕೋಣೆಯಲ್ಲಿತ್ತು, ತರುವಷ್ಟು ಹೊತ್ತಿಲ್ಲ. ಬರಿಗಾಲಲ್ಲಿ ಬೀದಿಗೆ ಓಡಿದಳು.

ಅವರು ದೂರ ಹೋಗಿರಲಿಲ್ಲ. ತಿರುವಿನ ಬಳೆ ಅಂಗಡಿ ಮುಂದೆ ನಿಂತಿದ್ದರು. ಬಳೆಯವನು ಹೇಳುತ್ತಿದ್ದ, “ಅಳತೆ ಇಲ್ಲದೆ ಹೆಂಗೆ ಕೊಡ್ಲಿ ಯಜಮಾನ್ರೇ? ಅಮ್ಮನ್ನೇ ಕಳಿಸಿಕೊಡಿ, ನಾನೇ ತೊಡಿಸಿ ಕಳಿಸ್ತೀನಿ.” ಅವರು ಹಸಿರು ಬಳೆಗಳನ್ನೇ ನೋಡುತ್ತಿದ್ದರು.

ಕಸ್ತೂರಿಗೆ ಸರ್ ಅನ್ನುವ ಮಾತೇ ಮರೆತುಹೋಯಿತು. “ಅಪ್ಪ, ತಪ್ಪಾಯ್ತು ನಂದು,” ಅಂದಳು. “ನೀವು ಹೇಳ್ತಾನೇ ಇದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ.”

ಇದನ್ನೂ ಹೇಳಬೇಕು: ತಪ್ಪಾದಾಗ ಕಾರಣ ಕೊಡಬೇಡ, ತಪ್ಪಾಯಿತು ಅಂತಷ್ಟೇ ಹೇಳು ಅಂತ ಕಲಿಸಿದ್ದು ವಿನುತಾ ಮೇಡಮ್ಮೇ. ಕಲಿತ ವಿದ್ಯೆ ಆಗ ಉಪಯೋಗಕ್ಕೆ ಬಂತು.

“ನಾನೆಲ್ಲಿ ಹೇಳ್ದೆ ತಾಯಿ,” ಅಂದರು ಅವರು. “ಬಾಯಿಗೇ ಬರಲಿಲ್ಲ. ತವರಿನ ಸೀರೆ ಉಡಿಸ್ಬೇಕು ಅಂತಾರೆ. ಅವಳ ತವರಲ್ಲಿ ಯಾರೂ ಉಳಿದಿಲ್ಲ, ಅದಕ್ಕೆ ನಾನೇ ಬಂದೆ. ನನಗೆ ಸೀರೆ ಗೊತ್ತಾಗಲ್ಲ, ಬಳೆ ಗೊತ್ತಾಗಲ್ಲ. ಎಲ್ಲಾ ಅವಳೇ ತಂದ್ಕೋತಿದ್ಲು.”

ಕಸ್ತೂರಿ ತನ್ನ ಕೈ ಮುಂದೆ ಮಾಡಿದಳು. “ಅಮ್ಮನ ಕೈ ನನ್ನಷ್ಟಿತ್ತಾ ಅಪ್ಪ, ದಪ್ಪ ಇತ್ತಾ?”

ಅವರು ಅವಳ ಕೈಯನ್ನು ಬಹಳ ಹೊತ್ತು ನೋಡಿದರು. “ಇಷ್ಟೇ. ಗೆಣ್ಣು ಸ್ವಲ್ಪ ದಪ್ಪ. ನೀರಲ್ಲೇ ಇರೋ ಕೈ ನೋಡು.”

“ಹಾಗಾದ್ರೆ ನನ್ನ ಅಳತೆಗಿಂತ ಒಂದು ದೊಡ್ಡದು ಕೊಡಣ್ಣ,” ಅಂದಳು ಬಳೆಯವನಿಗೆ. “ಸಲೀಸಾಗಿ ಏರಲಿ.”

ಬಳೆಯವನು ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟ. ಅವರು ಹೊರಟರು. ಸಾವಿನ ಮನೆಗೆ ಹೋಗುವವರಿಗೆ ಹೋಗಿ ಬನ್ನಿ ಅಂತ ನಾವು ಹೇಳುವುದಿಲ್ಲ. ಅವರು ಕಣ್ಣಿಗೆ ಮರೆಯಾಗುವ ತನಕ ಕಸ್ತೂರಿ ಕೈ ಮುಗಿದು ನಿಂತಳು.

ವಾಪಸು ಬಂದರೆ, ಸೀರೆ ಹರಡಿದ್ದು ಹಾಗೇ ಇದೆ. ವಿನುತಾ ಮೇಡಂ ಮುಖ ಸಣ್ಣದಾಗಿದೆ. “ಎಲ್ಲದಕ್ಕೂ ಪೂರ್ತಿ ಅಂಕ ಹಾಕಿದ್ದೆ ಕಸ್ತೂರಿ. ಕೌಂಟರ್ ಬಿಟ್ಟು ಹೋದೆಯಲ್ಲ. ನಿಯಮ ಗೊತ್ತಲ್ವಾ ನಿನಗೆ?”

“ಗೊತ್ತು ಮೇಡಂ.”

ಗಲ್ಲಾದಿಂದ ಸಾಹುಕಾರರು ಗದರಿದರು. “ಬೋಣಿ ಹೊತ್ತಲ್ಲಿ ಎಲ್ಲಿಗೆ ಓಡ್ದೆ? ಕಾಲಲ್ಲಿ ಚಪ್ಪಲಿನೂ ಇಲ್ಲ.”

“ಬೋಣಿ ಮಾಡಿದೋರ ಮನೆಯವರು ತೀರ್ಕೊಂಡಿದಾರೆ ಯಜಮಾನ್ರೇ. ಸೀರೆ ಅವರಿಗೆ ಉಡಿಸೋಕೆ.”

ಸಾಹುಕಾರರು ಗಲ್ಲಾದಲ್ಲಿದ್ದ ಬೋಣಿಯ ನೋಟು ನೋಡಿದರು. ಅದೇ ನೋಟನ್ನು ಅವರು ಕಣ್ಣಿಗೊತ್ತಿಕೊಂಡಿದ್ದರು. ಹುಟ್ಟಿದಾಗಿನಿಂದ ಸೀರೆಯ ನಡುವೆ ಬೆಳೆದವರು. ಹಸಿರು ಸೀರೆ ಕೊಂಡು, ಬೆಲೆ ಕೇಳದೆ ದುಡ್ಡು ಕೊಟ್ಟವರ ಮುಖವನ್ನು ಒಮ್ಮೆ ತಲೆ ಎತ್ತಿ ನೋಡಿದ್ದರೆ ಸಾಕಿತ್ತು.

“ಮೇಡಂ,” ಅಂದರು, “ಈ ಹುಡುಗಿ ಫೇಲು ಅಂತಾದ್ರೆ ನಾನೂ ಫೇಲೇ.”

“ಪೂರ್ತಿ ಅಂಕ ಹಾಕಿದವಳು ನಾನು,” ಅಂದರು ವಿನುತಾ ಮೇಡಂ, ಬಹಳ ಮೆಲ್ಲಗೆ. ಆಮೇಲೆ ಕಸ್ತೂರಿಯನ್ನು ಹತ್ತಿರ ಕರೆದರು. “ಬೆಳಗಿನದನ್ನ ಪಾಸು ಅಂತ ಬರೆಯೋಕೆ ನನ್ನ ಕೈಲಿ ಆಗಲ್ಲ. ಮಧ್ಯಾಹ್ನ ಇನ್ನೊಂದು ಸರದಿ ಇದೆ. ನಿಲ್ತೀಯಾ?”

“ನಿಲ್ತೀನಿ. ಆದ್ರೆ ಮೇಡಂ, ಇವತ್ತು ನಗು ಬರುತ್ತೋ ಇಲ್ವೋ ಗೊತ್ತಿಲ್ಲ.”

“ಬರದಿದ್ರೆ ಬೇಡ.”

ಮಧ್ಯಾಹ್ನ ಮದುವೆ ಸೀರೆಗೆ ತಾಯಿ ಮಗಳು ಬಂದರು. ಕಸ್ತೂರಿ ಒಂದೇ ಪ್ರಶ್ನೆ ಕೇಳಿ ಸುಮ್ಮನೆ ಕೂತಳು. ತಾಯಿ ಕೆಂಪು ಬೇಕು ಅನ್ನುತ್ತಿದ್ದರು. ಮಗಳು ಹೂಂ ಅನ್ನುತ್ತಲೇ ಪಕ್ಕದ ನೇರಳೆ ಸೀರೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. ಕಸ್ತೂರಿ ಆ ನೇರಳೆ ಸೀರೆಯನ್ನು ಎತ್ತಿ ಹುಡುಗಿಯ ಹೆಗಲ ಮೇಲೆ ಹಾಕಿ, ಕನ್ನಡಿಯ ಕಡೆ ತಿರುಗಿಸಿದಳು, ಅಷ್ಟೇ. ಹುಡುಗಿಯ ಮುಖ ನೋಡಿ ತಾಯಿಯೇ ನಕ್ಕುಬಿಟ್ಟರು. “ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ?” ಅಂದರು. ಕಸ್ತೂರಿಗೂ ನಗು ಬಂತು. ಕಲಿಸಿದ ನಗು ಅಲ್ಲ ಅದು.

ಪಾಸಾದಳು. ಬೆಳಗಿನಷ್ಟು ಅಂಕ ಬರಲಿಲ್ಲ, ಹೇಳಬೇಕಾದ ಎರಡು ವಾಕ್ಯ ಮರೆತಿದ್ದಳು. ಆದರೆ ಕೆಲಸ ಕಾಯಂ ಆಯಿತು. ಮುಂದಿನ ಸಲ ಪಾಠ ಶುರು ಮಾಡುವಾಗ ವಿನುತಾ ಮೇಡಂ ನಗುವುದನ್ನು ಮೊದಲು ಕಲಿಸಲಿಲ್ಲ. ಹುಡುಗಿಯರನ್ನು ಎದುರುಬದುರು ಕೂರಿಸಿ, ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿ ಅಂದರು.

ಈಗ ನಿಮ್ಮ ಕಡೆ ಬರುತ್ತೇನೆ. ನಯವಾದ ಮಾತು ಕಲಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಿಯಿರಿ, ಮಕ್ಕಳಿಗೂ ಕಲಿಸಿ, ಪ್ರಮಾಣಪತ್ರ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ. ಆದರೆ ನೋಡಿ, ನಮ್ಮ ಮನೆಯಲ್ಲೂ ಹಾಗೆ ಬಾಯಿಪಾಠವಾದ ಒಳ್ಳೆಯ ಮಾತುಗಳು ಎಷ್ಟಿವೆ. ‘ಊಟ ಆಯ್ತಾ’ ಅಂತೀವಿ, ಉತ್ತರ ಬರುವ ಮೊದಲೇ ಮಿಕ್ಸಿ ಹಾಕ್ತೀವಿ. ‘ಹುಷಾರಾಗಿದೀರಾ’ ಅಂತೀವಿ ಫೋನಿನಲ್ಲಿ, ಕಣ್ಣು ಹಾಲಿನ ಪಾತ್ರೆ ಮೇಲೆ. ಪಕ್ಕದ ಮನೆಯಾಕೆ ಸಕ್ಕರೆ ಕೇಳುವುದಕ್ಕೆ ಬಂದಿದ್ದಾರೆ ಅಂದುಕೊಂಡು ಸಕ್ಕರೆ ಕೊಟ್ಟು ಕಳಿಸುತ್ತೇವೆ. ಸಕ್ಕರೆ ಡಬ್ಬಿ ಅವರ ಮನೆಯಲ್ಲೂ ತುಂಬಿತ್ತೋ ಏನೋ, ಯಾರು ಬಲ್ಲರು? ಕೆಲಸ ಬಿಟ್ಟು ಕೂತು ಎಲ್ಲರ ಕಷ್ಟ ಕೇಳಿ ಅಂದರೆ ನಿಮ್ಮಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಕೆಲಸ ಮುಗಿಯುವ ದಿನ ಅಂತ ಒಂದು ಇದೆಯಾ ನಮಗೆ?

ಅದಕ್ಕೆ ಒಂದೇ ಒಂದು ಕೇಳುತ್ತೇನೆ. ಉತ್ತರ ಕೊಡುವ ಮೊದಲು ಮುಖ ನೋಡಿ. ಕೈಯಲ್ಲಿ ಹಿಟ್ಟಿರಲಿ, ಸೋಪಿನ ನೊರೆ ಇರಲಿ, ತಿರುಗಿ ನೋಡಿ. ನಾಳೆ ಸಂಜೆ ಮಗಳು ಕಾಲೇಜಿನಿಂದ ಬಂದು ಚೀಲ ಇಟ್ಟಾಗ ಏನಾಯಿತೇ ಅಂತ ಕೇಳುತ್ತೀರಿ. ಅವಳು ಏನಿಲ್ಲಮ್ಮ ಅನ್ನುತ್ತಾಳೆ. ಆಗ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಅವಳ ಎದುರಿಗೆ ಹೋಗಿ ಕೂತುಕೊಳ್ಳಿ. ಏನೂ ಕೇಳಬೇಡಿ. ಅವಳೇ ಹೇಳುತ್ತಾಳೆ.