ಯಾವ ಕಣ್ಣು ಎಂದು ಕೇಳಿದವಳು

ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಅವನ ಊರಿನ ಹೆಸರು ಬೇಡ, ಅವನ ಹೆಸರೂ ಬೇಡ. ಹೆಸರು ಹೇಳಿದರೆ ನೀವು ‘ಓ, ಅವನಾ’ ಎಂದು ಅವನ ಕಡೆ ಬೆರಳು ತೋರಿಸಿ ಹಗುರಾಗಿ ಮನೆಗೆ ಹೋಗಿಬಿಡುತ್ತೀರಿ. ನಿಮ್ಮನ್ನು ಹಗುರ ಮಾಡಿ ಕಳಿಸುವ ಕಥೆಯಲ್ಲ ಇದು.

ಎಲ್ಲರೂ ಅವನನ್ನು ಸಾವ್ಕಾರ್ರು ಎನ್ನುತ್ತಿದ್ದರು. ಹತ್ತಿ ಗಿರಣಿ ಇತ್ತು. ಊರಿನ ಕಣ್ಣಾಸ್ಪತ್ರೆಗೆ ಜಾಗ ಕೊಟ್ಟವನೂ ಅವನೇ. ನೋಡಿ, ಕೆಟ್ಟವನಲ್ಲ. ಆದರೆ ಒಮ್ಮೆ ಹೇಳಿದ್ದನ್ನು ಯಾರಾದರೂ ಎರಡನೇ ಸಲ ಕೇಳಿದರೆ ಅವನಿಗೆ ಮೈಯೆಲ್ಲ ಉರಿ. ಮನೆಯಲ್ಲಿ ಹೆಂಡತಿ ಕೇಳುವಂತಿಲ್ಲ, ಗಿರಣಿಯಲ್ಲಿ ಗುಮಾಸ್ತ ಕೇಳುವಂತಿಲ್ಲ. ಹಾಗಾಗಿ ಅವನ ಸುತ್ತ ಇದ್ದವರೆಲ್ಲ ಗೊತ್ತಿಲ್ಲದಿದ್ದರೂ ಗೊತ್ತಿದೆ ಎಂದು ತಲೆಯಾಡಿಸುವುದನ್ನು ಕಲಿತಿದ್ದರು. ಇದು ಮರ್ಯಾದೆಯೇ? ಅವನು ಮರ್ಯಾದೆ ಎಂದೇ ತಿಳಿದಿದ್ದ.

ಅವನ ಎಡಗಣ್ಣಿಗೆ ಪೊರೆ ಬಂತು. ಪೊರೆ ಬಲಿತು ಮನುಷ್ಯರ ಮುಖ ಮುಚ್ಚಿತು, ಮಬ್ಬು ಬೆಳಕೊಂದು ಉಳಿಯಿತು. ಬಲಗಣ್ಣು ಚೆನ್ನಾಗಿತ್ತು. ಆ ಒಂದು ಕಣ್ಣಿನ ಮೇಲೆ ಅವನ ಗಿರಣಿ, ಅವನ ಗತ್ತು, ಅವನ ಲೋಕವೆಲ್ಲ ನಿಂತಿತ್ತು.

ಆಪರೇಷನ್ ದಿನ ಬೆಳಿಗ್ಗೆ ನರ್ಸೊಬ್ಬಳು ಬಂದು ಎಡಹುಬ್ಬಿನ ಮೇಲೆ ಶಾಯಿಯಿಂದ ಗುರುತು ಹಾಕಿದಳು. “ಇದನ್ನ ಅಳಸಬ್ಯಾಡ್ರಿ ಸಾವ್ಕಾರ್ರ.” ಅವನು ಹೂಂ ಎಂದ. ಕಿವಿಗೆ ಬಿದ್ದ ಮಾತು ಒಳಗೆ ಇಳಿಯಲಿಲ್ಲ. ಒಳಗೆ ಕರೆಯುವ ಹೊತ್ತಾಯಿತು. ಬರಿಹಣೆಯಲ್ಲಿ ಕತ್ತರಿಯ ಕೆಳಗೆ ಮಲಗುವುದು ಹೇಗೆ? ಮುಖ ತೊಳೆದ, ಹಣೆ ತಿಕ್ಕಿದ, ಅಂಗೈಯಲ್ಲಿ ವಿಭೂತಿ ನೆನೆಸಿ ಅಗಲವಾಗಿ ಧರಿಸಿದ. ಶಾಯಿ ಹೋಯಿತು. ವಿಭೂತಿ ತಪ್ಪೇ? ಅಲ್ಲವೇ ಅಲ್ಲ. ಕೇಳದ ಕಿವಿ ತಪ್ಪು.

ಒಳಗೆ ಅದೇ ನರ್ಸು ಅವನನ್ನು ಮಂಚದ ಮೇಲೆ ಮಲಗಿಸಿದಳು. ಬೆಳಿಗ್ಗೆಯಿಂದ ಎಷ್ಟೋ ಹಣೆಗಳಿಗೆ ಗುರುತು ಹಾಕಿದ್ದ ಅವಳಿಗೆ ಇವನದು ಯಾವ ಕಣ್ಣೆಂದು ನೆನಪಿರಲಿಲ್ಲ; ಹಣೆ ನೋಡಿದಳು. ಗುರುತಿಲ್ಲ.

“ಸಾವ್ಕಾರ್ರ, ಯಾವ ಕಣ್ಣರಿ?”

“ಎಷ್ಟ್ ಸಲ ಕೇಳ್ತೀಯವ್ವ? ಹೊರಗ ಗ್ವಾಡಿ ಮ್ಯಾಲೆ ಯಾರ ಹೆಸರೈತಿ ನೋಡೀಯಿಲ್ಲೊ? ನಿಮ್ಮ ದೊಡ್ಡ ಡಾಕ್ಟರ್ರಿಗೆ ಎಲ್ಲಾ ಗೊತ್ತೈತಿ. ಬಾಯಿ ಮುಚ್ಚಿ ಕೆಲಸ ಮಾಡು.”

ಅವಳು ಬಾಯಿ ಮುಚ್ಚಿದಳು.

ಕಣ್ಣನ್ನು ಮರಗಟ್ಟಿಸುವ ಮದ್ದು ಚುಚ್ಚುವ ಸಣ್ಣ ಡಾಕ್ಟರು ಬಂದರು. ಅವರು ನಿಂತದ್ದು ರೋಗಿಯ ತಲೆಯ ಕಡೆ. ರೋಗಿಯ ಎದುರು ನಿಂತು ನೋಡಿ ರೂಢಿಯಾದವರಿಗೆ ಅಲ್ಲಿಂದ ಎಡ ಬಲ ಅದಲುಬದಲಾಗುತ್ತದೆ. ಅವರು ನರ್ಸಿನ ಮುಖ ನೋಡಿದರು. ಅವಳು ಸುಮ್ಮನಿದ್ದಳು. ಸುಮ್ಮನಿದ್ದಾಳೆಂದರೆ ಎಲ್ಲ ಸರಿಯಿದೆ ಎಂದುಕೊಂಡರು.

ತಣ್ಣಗಿನ ಹತ್ತಿ ಸಾವ್ಕಾರನ ಬಲರೆಪ್ಪೆಯನ್ನು ಒರೆಸಿತು. ಬಲರೆಪ್ಪೆ! ಇದು ಕಾಣುವ ಕಣ್ಣಲ್ಲವೇ? ಕೇಳಲೇ? ಕೇಳಿದರೆ ‘ಸಾವ್ಕಾರ ಅಂಜಿದ’ ಎಂದು ಊರೆಲ್ಲ ಮಾತಾದೀತು. ಅವರಿಗೆ ಗೊತ್ತಿರಬೇಕು. ಗೊತ್ತಿದ್ದೇ ಮಾಡುತ್ತಿರಬೇಕು. ನೋಡಿ, ಊರನ್ನೆಲ್ಲ ಕೇಳದಂತೆ ಮಾಡಿದವನಿಗೆ ತನ್ನ ಕಣ್ಣಿನ ಸಲುವಾಗಿಯೂ ಕೇಳಲು ಬಾಯಿ ಬರಲಿಲ್ಲ. ರೆಪ್ಪೆಯ ಕೆಳಗೆ ಒಂದು ಬೆರಳು ಒತ್ತಿತು. ಸೂಜಿ ಇಳಿಯಿತು.

ಸ್ವಲ್ಪ ಹೊತ್ತಿಗೆ ಮೇಲಿನ ದೀಪ ಬಾವಿಯೊಳಗೆ ಬಿದ್ದ ಕೊಡದಂತೆ ದೂರ, ಇನ್ನೂ ದೂರ ಹೋಯಿತು. ಆಮೇಲೆ ಇಲ್ಲ. ಎಡಗಡೆ ಮಜ್ಜಿಗೆ ಕಲಕಿದಂಥ ಬಿಳುಪು, ಬಲಗಡೆ ಕತ್ತಲು.

“ಲೈಟ್ ಆರಿಸಿದ್ರೇನ?” ಎಂದ.

“ಇಲ್ರೀ. ಎಲ್ಲಾ ಲೈಟ್ ಹಚ್ಚೇವ್ರಿ.”

ಆ ಕೋಣೆಯ ಎಲ್ಲ ದೀಪಗಳೂ ಉರಿಯುತ್ತಿದ್ದವು. ಅವನೊಬ್ಬನಿಗೆ ಕತ್ತಲು. ಅವನು ಚೀರಿದ ಚೀರಾಟಕ್ಕೆ ದೊಡ್ಡ ಡಾಕ್ಟರು ಓಡಿ ಬಂದರು.

“ನಿಮಗ ಯಾವ ಕಣ್ಣು ಕಾಣತಿತ್ತು?”

“ಬಲಗಣ್ರೀ! ಇದ ಬಲಗಣ್ಣು!”

ದೊಡ್ಡ ಡಾಕ್ಟರು ಸುಳ್ಳು ಹೇಳಲಿಲ್ಲ. “ತಪ್ಪಾಗೇತಿ ಸಾವ್ಕಾರ್ರ. ನಮ್ಮ ತಪ್ಪು. ಕತ್ತರಿ ಮುಟ್ಟಸಿಲ್ಲ. ಮದ್ದಿನ ಜೋರು ಇಳಿದ ಮ್ಯಾಲೆ ಕಾಣಬೇಕು.”

“ಕಾಣಬೇಕು ಅಂದ್ರ? ಕಾಣತೈತಿ ಅನ್ರಿ.”

“ಕಾಣಬೇಕ್ರಿ,” ಎಂದರು ಡಾಕ್ಟರು, ಮತ್ತೆ.

ಆ ‘ಬೇಕು’ ಎಂಬ ಮಾತನ್ನು ಹೊತ್ತುಕೊಂಡು ಸಾವ್ಕಾರ ವಾರ್ಡಿನ ಮಂಚಕ್ಕೆ ಬಂದ. ಚುಚ್ಚಿದ ಕಣ್ಣಿನ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ; ಮುಲಾಮು ಹಾಕಿ ಪಟ್ಟಿ ಕಟ್ಟಬೇಕು. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅವನು ಗಾಳಿಯಲ್ಲಿ ತಡಕಾಡಿ ಅವಳ ಕೈ ಹಿಡಿದ.

“ಆಕಿ ಕೇಳಿದ್ಲಂತಲ್ರೀ, ಯಾವ ಕಣ್ಣಂತ?” ಎಂದಳು ಅವಳು. “ಹೇಳಾಕ ಏನಾಗಿತ್ತು? ಬೈಯೂದಕ್ಕಿಂತ ‘ಎಡಗಣ್ಣು’ ಅನ್ನೂದು ಸಣ್ಣ ಮಾತಲ್ಲೇನು?”

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಎದುರಾಡಿದ್ದೇ ಇಲ್ಲ. ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಆಗ ಯಾರೋ ಮಂಚದ ಬಳಿ ಬಂದರು. ಮಾತಿಲ್ಲ. ತಣ್ಣಗಿನ ಬೆರಳು ಅವನ ಕೆನ್ನೆ ಮುಟ್ಟಿತು. ಬೆರಳು ಗಡಗಡ ನಡುಗುತ್ತಿತ್ತು.

“ಯಾರು?”

“ನಾನ್ರೀ. ನರ್ಸು. ಮುಲಾಮು…”

“ಕೈ ಯಾಕ ನಡಗತಾವು?”

ಅವಳು ತಡೆದು ಹೇಳಿದಳು: “ನಿಮ್ಮನ್ನ ಕಂಡ್ರ ಅಂಜಿಕಿರಿ.”

ಯಾವ ಕೈ ತನ್ನ ಕಣ್ಣನ್ನು ಕಾಯಬೇಕೋ ಆ ಕೈಯನ್ನು ನಡುಗಿಸಿದವನು ತಾನೇ. ಆ ನಡುಗುವ ಕೈಯೇ ಈಗ ಕಣ್ಣಿನ ಮೇಲೆ. ಅವನು ಅವಳ ಮಣಿಕಟ್ಟು ಹಿಡಿದ. “ಕೇಳವ್ವಾ. ಯಾವ ಕಣ್ಣಂತ ಕೇಳು. ಕೇಳಿ ಹಾಕು.”

“ಯಾವ ಕಣ್ಣರಿ?”

“ಬಲಗಣ್ಣು, ನಮ್ಮವ್ವ. ಬಲಗಣ್ಣು.”

ಸಂಜೆ ಪಟ್ಟಿ ಬಿಚ್ಚಿದರು. ಮೊದಲು ಏನೂ ಇಲ್ಲ. ಆಮೇಲೆ ಕಿಟಕಿಯ ಸರಳು, ಆಮೇಲೆ ಒಂದು ಮುಖ. ಅತ್ತು ಕೆಂಪಾದ ಆ ನರ್ಸಿನ ಮುಖ. ಬೆಳಿಗ್ಗೆ ಬೈಯುವಾಗ ಅವನು ಅದನ್ನು ನೋಡಿರಲೇ ಇಲ್ಲ.

ಅಬ್ಬಾ, ಕಣ್ಣು ಬಂತು ಎಂದು ನೀವೆಲ್ಲ ಉಸಿರು ಬಿಟ್ಟಿರಿ. ಬಿಡಬೇಡಿ. ಇನ್ನೊಂದು ಗಳಿಗೆ ತಡವಾಗಿದ್ದರೆ ಕತ್ತರಿ ಇಳಿಯುತ್ತಿತ್ತು. ಗುರುತಿಲ್ಲದೆ ಚುಚ್ಚಿದ ಡಾಕ್ಟರ ತಪ್ಪು ದೊಡ್ಡದು. ಅಂಜಿ ಸುಮ್ಮನಾದ ನರ್ಸಿನ ತಪ್ಪೂ ತಪ್ಪೇ. ಆದರೆ ಆ ಅಂಜಿಕೆಯನ್ನು ಬಿತ್ತಿದವರು ಯಾರು? ಇಲ್ಲಿ ಕೂತವರಲ್ಲಿ ಎಷ್ಟು ಜನ ಮನೆಯಲ್ಲಿ ಅದನ್ನೇ ಬಿತ್ತುತ್ತಿದ್ದೀರಿ? ನೀವು ಗುಳಿಗೆ ನುಂಗುವಾಗ ‘ಮಾವಾರ, ಇದು ಮುಂಜಾನೆದೋ ಸಂಜಿದೋ’ ಎಂದು ಕೇಳಲು ನಿಮ್ಮ ಸೊಸೆಗೆ ಧೈರ್ಯವಿದೆಯೇ? ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ ಹಿಡಿದು ‘ಧಣಿ, ಇದ ಹೌದೇನ್ರಿ’ ಎಂದು ಕೇಳಲು ನಿಮ್ಮ ಆಳಿಗೆ ಬಾಯಿದೆಯೇ?

ಆಸ್ಪತ್ರೆಯಲ್ಲಿ ಹೆಸರು ಕೇಳುತ್ತಾರೆ, ಯಾವ ಕಣ್ಣು ಎನ್ನುತ್ತಾರೆ, ಮತ್ತೆ ಕೇಳುತ್ತಾರೆ. ಸಿಡುಕಬೇಡಿ, ಪ್ರತಿ ಸಲವೂ ಹೇಳಿ. ಅವರು ಹಾಕಿದ ಗುರುತು ಅಳಿಸಬೇಡಿ. ಅಳಿಸಿದ್ದರೆ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೆ ನೀವೇ ಕೇಳಿ: ‘ಯಾವ ಕಣ್ಣಿಗೆ ಮಾಡತೀರಿ?’ ಅದರಿಂದ ನಿಮ್ಮ ಮಾನ ಹೋಗುವುದಿಲ್ಲ.

ಇಂದು ಮನೆಗೆ ಹೋದಾಗ, ನಿಮಗೆ ಅಂಜುವವರು ಯಾರಿದ್ದಾರೋ ಅವರನ್ನು ಹತ್ತಿರ ಕರೆಯಿರಿ. ನನ್ನನ್ನು ಎಷ್ಟು ಸಲ ಬೇಕಾದರೂ ಕೇಳು, ಬೈಯುವುದಿಲ್ಲ ಎನ್ನಿ. ಅವರು ನಿಮ್ಮನ್ನು ನಂಬಲಿಕ್ಕಿಲ್ಲ. ನಂಬುವ ತನಕ ದಿನವೂ ಹೇಳಿ.