ಕೆಳಪೇಟೆಗೆ ಯಾರೂ ಹೇಳಿ ಕಳುಹಿಸಲಿಲ್ಲ

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರೇ, ಗ್ರಂಥಾಲಯದ ಸಿಬ್ಬಂದಿಯವರೇ, ಸ್ಮಾರಕ ಸಮಿತಿಯವರೇ, ನನ್ನ ಜೊತೆ ಓದುವವರೇ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಸ್ಟೆನೋ ಅಮ್ಮನ ಮಗಳು, ಅಳಿಯ, ಮೊಮ್ಮಗ ಕೂತಿದ್ದಾರೆ. ಅವರಿಗೆ ಏನು ಹೇಳಬೇಕೋ ನನಗೆ ತೋಚುತ್ತಿಲ್ಲ. ನಿಮ್ಮ ಪಾಲಿಗೆ ಸ್ಟೆನೋ ಅಮ್ಮ ಬಾಳಿನುದ್ದಕ್ಕೂ ಇದ್ದವರು. ನನಗೆ ಎಂಟು ತಿಂಗಳು. ಆದರೂ ಸೋಮವಾರ ಎರಡು ಗಂಟೆಗೆ ಎದುರಿನ ಕುರ್ಚಿ ಖಾಲಿ ಇದ್ದದ್ದು ನೋಡಿ ಮತ್ತೊಮ್ಮೆ ಗಡಿಯಾರ ನೋಡಿದೆ. ಅಷ್ಟು ಮಾತ್ರ ಹೇಳಬಲ್ಲೆ.

ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಕ್ಲಾಸು ಮುಗಿದ ಮೇಲೆ ಇದೇ ಕಟ್ಟಡದ ಹಳೇ ದಾಖಲೆ ವಿಭಾಗದಲ್ಲಿ ಪಟ್ಟಿ ಬರೆಯುವ ಕೆಲಸ ಮಾಡುತ್ತೇನೆ. ಸ್ಟೆನೋ ಅಮ್ಮ ನನ್ನ ಎದುರು ಮೇಜಿನವರು. ನಿವೃತ್ತಿಯಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ವಾರಕ್ಕೆ ಮೂರು ದಿನ ಬಂದು, ಹಳೆಯ ಕಾಗದಗಳಲ್ಲಿ ಯಾವ ಸಹಿ ಯಾರದು ಎಂದು ಗುರುತಿಸಿ ಕೊಡುತ್ತಿದ್ದರು. ಇವತ್ತು ನನಗೆ ಕೊಟ್ಟಿರುವುದು ಎರಡು ನಿಮಿಷ. ವಿಷಯ — ಅವರ ಸಮಯಪಾಲನೆ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಅವರು ಎರಡು ಗಂಟೆಗೆ ಅಂದರೆ ಎರಡು ಗಂಟೆಗೆ ಬರುತ್ತಿದ್ದರು. ಗೋಡೆಯ ಗಡಿಯಾರ ಬೇರೆ ಹೇಳಿದರೆ ಗಡಿಯಾರವನ್ನೇ ತಿದ್ದಿಸುತ್ತಿದ್ದರು. — ಮುಗಿಯಿತು. ಉಳಿದದ್ದಕ್ಕೆ ಎರಡು ನಿಮಿಷ ಸಾಲುವುದಿಲ್ಲ. ದಯವಿಟ್ಟು ಕ್ಷಮಿಸಿ.

ಯುದ್ಧದ ಕಾಲದಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಅವರು ದೊಡ್ಡವರ ಕಚೇರಿಯಲ್ಲಿ ಸ್ಟೆನೋ ಆಗಿದ್ದರು. ದೊಡ್ಡವರು ಅಂದರೆ ಯಾರು ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ನನ್ನ ಹಾಸ್ಟೆಲ್ಲಿನ ಊಟದ ಹಾಲಿನಲ್ಲೂ ಅವರ ಫೋಟೋ ಇದೆ. ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೂ ವಾರ್ಡನ್ ಆ ಕಡೆ ಬೊಟ್ಟು ಮಾಡುತ್ತಾರೆ. ಆ ಕಾಲದಲ್ಲಿ ಸರ್ಕಾರ ನಡೆಸಿ ಊರು ಉಳಿಸಿದವರು. ಶತ್ರುವಿನ ಟ್ಯಾಂಕುಗಳು ನದಿಯ ಬಯಲಿನಲ್ಲಿ ಎಂಟು ಮೈಲಿ ದೂರಕ್ಕೆ ಬಂದಾಗ ಅಣೆಕಟ್ಟಿನ ಗೇಟುಗಳನ್ನು ತೆಗೆಸಿದರು. ಬಯಲು ಕೆಸರಾಯಿತು, ಟ್ಯಾಂಕುಗಳು ಹೂತುಹೋದವು, ಊರು ಉಳಿಯಿತು. ಅದೇ ನೀರಿನಲ್ಲಿ ನದಿಯಂಚಿನ ಕೆಳಪೇಟೆ ಮುಳುಗಿತು. ಸಾವಿರದ ಇನ್ನೂರು ಜನ. ಅವರ ಬಗ್ಗೆ ನಮ್ಮ ಪಾಠಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು, ನಾವೆಲ್ಲ ಬಾಯಿಪಾಠ ಮಾಡಿದ ಸಾಲು: "ಮುನ್ಸೂಚನೆ ಕೊಟ್ಟರೂ ಕೆಳಪೇಟೆಯ ಜನರು ಮನೆ ಬಿಡಲು ಒಪ್ಪಲಿಲ್ಲ."

ಆ ಸಾಲಿನಿಂದ ಒಂದು ಬೈಗುಳ ಹುಟ್ಟಿತು. ನೀವೂ ಬಳಸಿದ್ದೀರಿ, ನಾನೂ ಬಳಸಿದ್ದೇನೆ. ಯಾರಾದರೂ ಹಟ ಹಿಡಿದು ಕೂತರೆ — ಕೆಳಪೇಟೆ ಬುದ್ಧಿ.

ನಾನು ಕೆಲಸಕ್ಕೆ ಸೇರಿ ಎರಡನೇ ವಾರ. ನನ್ನ ಮೇಜಿಗೆ ಬೆಳಕು ಬರಲೆಂದು ಕಪಾಟನ್ನು ಆಚೆ ಸರಿಸಿ ಎಂದು ಅಟೆಂಡರ್ ಅಣ್ಣನನ್ನು ಕೇಳಿದೆ. ಅದರ ಒಂದು ಕಾಲು ಮುರಿದಿದೆ, ಸರಿಸಿದರೆ ಬೀಳುತ್ತದೆ ಎಂದರು. ಮತ್ತೆ ಕೇಳಿದೆ. ಮತ್ತೆ ಆಗುವುದಿಲ್ಲ ಎಂದರು. ಆಗ ನಾನು — ನಗುತ್ತಲೇ ಅಂದೆ, ಆದರೆ ಅಂದೆ:

"ಏನಣ್ಣಾ ಇದು, ಕೆಳಪೇಟೆ ಬುದ್ಧಿ."

ಅಣ್ಣನೂ ನಕ್ಕರು. "ಏನ್ ಮಾಡೋದಮ್ಮ, ಹುಟ್ಟಿದ್ದೇ ಆ ಕಡೆ. ರಕ್ತದಲ್ಲೇ ಬಂದ್ಬಿಟ್ಟಿದೆ."

ತಮಾಷೆ ಎಂದುಕೊಂಡೆ. ಅವರ ಅಜ್ಜಿ ಆ ನೀರಿನಲ್ಲಿ ಹೋದವರು, ಆಗ ಏಳು ವರ್ಷದವರಾಗಿದ್ದ ಅವರ ತಾಯಿ ಒಂದು ಛಾವಣಿ ಹಿಡಿದು ಬದುಕಿದವರು ಎಂದು ಆಮೇಲೆ ಗೊತ್ತಾಯಿತು. ಅಣ್ಣ ಇಲ್ಲೇ ಇದ್ದಾರೆ, ಹಿಂದೆ ಬಾಗಿಲ ಹತ್ತಿರ. ಅವರ ಹತ್ತಿರ ಸಾರಿ ಕೇಳಿದ್ದೇನೆ. ಆದರೆ ಬೈದದ್ದು ಎಲ್ಲರೆದುರು. ಸಾರಿ ಕೇಳಿದ್ದು ಒಬ್ಬರೇ ಇದ್ದಾಗ. ಅದಕ್ಕೆ ಈಗ ಮತ್ತೊಮ್ಮೆ — ಅಣ್ಣಾ, ತಪ್ಪಾಯಿತು.

ಆ ದಿನ ಸ್ಟೆನೋ ಅಮ್ಮನ ಪೆನ್ಸಿಲ್ ನಿಂತಿತ್ತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಸಂಜೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, "ಫಸ್ಟ್ ಇಯರ್," ಎಂದರು — ನನ್ನನ್ನು ಹಾಗೇ ಕರೆಯುತ್ತಿದ್ದದ್ದು — "ಇನ್ಮೇಲೆ ನಾನು ಬಂದ ದಿನ ಅರ್ಧ ಗಂಟೆ ಜಾಸ್ತಿ ಕೂತ್ಕೋತೀಯಾ? ನನ್ನ ಬರಹ ಓದೋದು ಕಲಿಸ್ತೀನಿ."

ಅವರ ಬರಹ ಎಂದರೆ ಶೀಘ್ರಲಿಪಿ. ಆದರೆ ಶಾಲೆಯಲ್ಲಿ ಕಲಿತ ಹಾಗೇ ಉಳಿದದ್ದಲ್ಲ. ದೊಡ್ಡವರ ಮಾತಿನ ವೇಗಕ್ಕೆ ಆ ಲಿಪಿ ಸಾಲದೆ, ಅದನ್ನು ಅಲ್ಲಿ ಕತ್ತರಿಸಿ ಇಲ್ಲಿ ಬಗ್ಗಿಸಿ ತಮ್ಮದೇ ಮಾಡಿಕೊಂಡಿದ್ದರು. ಅಂಥ ಮೂವತ್ತೊಂದು ನೋಟ್‌ಬುಕ್ಕುಗಳು ಈ ಕಟ್ಟಡದ ಒಂದು ತಗಡಿನ ಟ್ರಂಕಿನಲ್ಲಿವೆ. ಟೈಪಾದ ಪ್ರತಿ ಇದೆಯಲ್ಲ ಎಂದು ಅವನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನ ನೋಡಿ, ಇದು ಡಾಕ್ಟರ್ ಬರೆದ ಚೀಟಿ ಥರ ಇದೆ ಎಂದೆ. ಡಾಕ್ಟರ್ ಬರೆದದ್ದು ಔಷಧಿ ಅಂಗಡಿಯವನಿಗಾದರೂ ತಿಳಿಯುತ್ತದೆ, ಇದು ನನಗೊಬ್ಬಳಿಗೇ ಎಂದರು. ಹೆಮ್ಮೆಯಿಂದ ಹೇಳಿದರು ಎಂದುಕೊಂಡೆ ಆಗ.

ಏಳು ತಿಂಗಳು ಕಲಿಸಿದರು. ಅವರು ಬಂದ ದಿನಕ್ಕೊಂದು ಪುಟ. ನಾನು ಓದಿದ್ದನ್ನು ಬಿಡಿಸಿ ಬರೆದು ತೋರಿಸಬೇಕು. ನನ್ನ ಭಾಷೆ ನಿಮಗೆ ಗೊತ್ತಾಗುತ್ತಿದೆಯಲ್ಲ — ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ. ನಿನ್ನ ವಾಕ್ಯ ಒಂದು ಬಸ್ಸಲ್ಲಿ ಹೊರಡತ್ತೆ, ಅರ್ಧ ದಾರೀಲಿ ಇಳಿದು ಇನ್ನೊಂದು ಬಸ್ ಹತ್ತತ್ತೆ ಎನ್ನುತ್ತಿದ್ದರು. ನನ್ನ ವಾಕ್ಯವನ್ನು ಒಂದೇ ಬಸ್ಸಿನಲ್ಲಿ ಕೂರಿಸುವುದಕ್ಕೇ ಮೂರು ತಿಂಗಳು ಹಿಡಿಯಿತು.

ಆ ಪುಟಗಳಲ್ಲಿ ಅಲ್ಲಲ್ಲಿ ಸಾಲಾಗಿ ಚುಕ್ಕಿಗಳಿದ್ದವು. ಯಾವ ಅಕ್ಷರ ಎಂದು ಕೇಳಿದೆ. ಅಕ್ಷರವಲ್ಲವಂತೆ. ಕೋಣೆಯಲ್ಲಿ ಯಾರೂ ಮಾತಾಡದಿದ್ದಾಗ ಅವರ ಕೈ ಸುಮ್ಮನಿರುತ್ತಿರಲಿಲ್ಲ. ತಾವು ಬಿಟ್ಟ ಒಂದೊಂದು ಉಸಿರಿಗೆ ಒಂದೊಂದು ಚುಕ್ಕಿ ಇಡುತ್ತಿದ್ದರು. ಟೈಪ್ ಮಾಡುವಾಗ ಚುಕ್ಕಿಗಳನ್ನು ಬಿಡಬೇಕು. ಸರ್ಕಾರಕ್ಕೆ ಮಾತು ಸಾಕು.

ಹೋದ ತಿಂಗಳು ಒಂದು ಬುಧವಾರ ಹದಿನೇಳನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಅಣ್ಣ ಟೀ ತಂದಿದ್ದರು. ಬಾಗಿಲು ಎಳೆದುಕೊಂಡು ನೀನೂ ಕೂತುಕೋ ಎಂದರು ಅವರಿಗೆ. ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಅಣ್ಣ ಆ ಕೋಣೆಯಲ್ಲಿ ಕೂತದ್ದು ಅವತ್ತೇ ಮೊದಲು — ಸ್ಟೂಲಿನ ತುದಿಯಲ್ಲಿ, ಯಾವ ಕ್ಷಣಕ್ಕಾದರೂ ಏಳುವವರ ಹಾಗೆ. ನನಗೆ, ಗಟ್ಟಿಯಾಗಿ ಓದು ಎಂದರು. ಏನು, ಯಾವ ದಿನದ್ದು, ಹೇಳಲಿಲ್ಲ. ನಾನು ದಿನದ ಪಾಠ ಎಂದುಕೊಂಡು ಓದುತ್ತಾ ಹೋದೆ.

ಮಧ್ಯಾಹ್ನ ಮೂರೂವರೆಯ ಸಭೆ. ಎಂಜಿನಿಯರ್ ಕೇಳುತ್ತಾರೆ: "ಕೆಳಪೇಟೆಗೆ ಹೇಳಿ ಕಳುಹಿಸಲೇ? ಒಂದೂವರೆ ಗಂಟೆ ಸಮಯ ಇದೆ." ಆಮೇಲೆ ಚುಕ್ಕಿಗಳು. ಹತ್ತೊಂಬತ್ತು. ಆಮೇಲೆ ದೊಡ್ಡವರು: "ಬೇಡ. ಗಂಟುಮೂಟೆ ಹೊತ್ತು ಜನ ರಸ್ತೆಗಿಳಿದರೆ ಗುಡ್ಡದ ಮೇಲಿನಿಂದ ಶತ್ರುವಿಗೆ ಕಾಣುತ್ತದೆ. ಟ್ಯಾಂಕುಗಳು ಹಿಂದೆ ಸರಿಯುತ್ತವೆ. ನೀರು ಸುಮ್ಮನೆ ಹರಿದುಹೋಗುತ್ತದೆ." ಮತ್ತೆ ಆರು ಚುಕ್ಕಿ. ಮತ್ತೆ ದೊಡ್ಡವರೇ: "ಇದನ್ನು ನಾನು ಹೇಳಿದೆ ಎಂದು ಬರೆದುಕೊಳ್ಳಿ."

ನಾನು ನಿಲ್ಲಿಸಿದೆ. ತಪ್ಪು ಓದಿದೆನಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, ಅಣ್ಣನ ಕಡೆ ತಿರುಗಿದರು.

"ಮಾರನೇ ದಿನ ಬೆಳಿಗ್ಗೆ, ಇದನ್ನ ಬಿಡು, ಈ ಸಾಲು ಹಾಕು ಅಂದ್ರು ಮೇಲಿನ ಅಧಿಕಾರಿ. ಮುನ್ಸೂಚನೆ ಕೊಟ್ರೂ ಒಪ್ಪಲಿಲ್ಲ ಅಂತ. ಹಾಕ್ದೆ. ಯಾರೂ ನನ್ನ ಕೈ ಹಿಡಿದು ಟೈಪ್ ಮಾಡಿಸ್ಲಿಲ್ಲ ಕಣಪ್ಪ. ನಾನೇ ಮಾಡ್ದೆ."

ಅಣ್ಣನಿಂದ ಕೋಪದ ಮಾತು ಬರುತ್ತದೆ ಎಂದುಕೊಂಡೆ. ಬಂದದ್ದು ಇದು:

"ನಮ್ಮಮ್ಮ ಸಾಯೋವರೆಗೂ ಹೇಳ್ತಾನೇ ಇದ್ರು. ಅಜ್ಜಿ ಹಟ ಮಾಡ್ದೋರಲ್ಲ, ಯಾರೂ ಬಂದು ಹೇಳ್ಲೇ ಇಲ್ಲ ಅಂತ. ನಾವು ಮಕ್ಕಳೇ ನಂಬಲಿಲ್ಲ. ಪುಸ್ತಕದಲ್ಲಿ ಹಾಗಿಲ್ವಲ್ಲಮ್ಮಾ ಅಂತ ನಗ್ತಿದ್ವಿ."

ಲೋಟಗಳನ್ನು ಎತ್ತಿಕೊಂಡು ಹೊರಟುಹೋದರು. ಸ್ಟೆನೋ ಅಮ್ಮ ಅವತ್ತು ಕನ್ನಡಕವನ್ನು ಮೇಜಿನ ಮೇಲೇ ಮರೆತು ಮನೆಗೆ ಹೋದರು. ಶುಕ್ರವಾರ ಅಣ್ಣ ಎಂದಿನಂತೆ ಟೀ ತಂದಿಟ್ಟರು. ಕ್ಷಮಿಸಿದೆ ಎನ್ನಲಿಲ್ಲ. ಇನ್ನೊಂದು ಸಲ ಓದಿಸಿ ಎಂದರು.

ಈಗ ಸಭೆಯಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂದಿರಬಹುದು. ಇನ್ನು ಕೆಲವರಿಗೆ — ನನ್ನ ಕ್ಲಾಸಿನವರನ್ನೇ ನೋಡಿ ಹೇಳುತ್ತಿದ್ದೇನೆ — ಖುಷಿ ಆಗಿರಬಹುದು. ಪ್ಲೀಸ್, ಖುಷಿ ಪಡಬೇಡಿ. ಈ ವರ್ಷದ ಆರಂಭದಲ್ಲಿ ದೊಡ್ಡವರ ಪ್ರತಿಮೆಯ ಮೇಲೆ ಯಾರೋ 'ಕೊಲೆಗಾರ' ಎಂದು ಬರೆದಾಗ ನಾವು ಕ್ಯಾಂಟೀನಿನಲ್ಲಿ ಖುಷಿಯಿಂದ ಮೇಜು ಬಡಿದೆವು. ಅದನ್ನು ನಾನು ಬಂದು ಹೇಳಿದಾಗ ಸ್ಟೆನೋ ಅಮ್ಮ ಕೇಳಿದ್ದು, ಊರು ಉಳಿಯದಿದ್ದರೆ ನಿಮ್ಮಪ್ಪ ಎಲ್ಲಿ ಹುಟ್ಟುತ್ತಿದ್ದ ಹೇಳು ಎಂದು. ಗೇಟು ತೆಗೆಸಿದ್ದು ಸರಿಯೋ ತಪ್ಪೋ ತೀರ್ಮಾನಿಸುವಷ್ಟು ನಾನು ಬೆಳೆದಿಲ್ಲ. ಆದರೆ ಮುನ್ಸೂಚನೆ ಕೊಟ್ಟರೋ ಇಲ್ಲವೋ ಎನ್ನುವುದು ಅಭಿಪ್ರಾಯ ಅಲ್ಲ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ದೊಡ್ಡವರ ಬಾಯಲ್ಲೇ ಇದೆ. ಯೋಚಿಸದೆ ಮಾಡಿದರು ಎನ್ನುವವರು ಆ ಹತ್ತೊಂಬತ್ತು ಉಸಿರನ್ನು ಎಣಿಸಲಿ. ಹೇಳಿ ಕಳುಹಿಸಿದರು ಎನ್ನುವವರು ಆಮೇಲಿನ ಮಾತನ್ನು ಓದಲಿ.

ಟೈಪಾದ ಸುಳ್ಳು ದೊಡ್ಡವರಿಗೆ ಗೊತ್ತಿತ್ತೇ? ನಾನೂ ಕೇಳಿದೆ. ಓದದೆ ಸಹಿ ಹಾಕುವ ಮನುಷ್ಯರಲ್ಲ ಅವರು ಎಂದರು ಸ್ಟೆನೋ ಅಮ್ಮ, ಅಷ್ಟೇ. ಹಾಗಾದರೆ ನಮಗೆ ಇಬ್ಬರು ದೊಡ್ಡವರು. ನಾನು ಹೇಳಿದೆ ಎಂದು ಬರೆದುಕೊಳ್ಳಿ ಎಂದ ಮಧ್ಯಾಹ್ನದ ದೊಡ್ಡವರು. ಮಾರನೇ ಬೆಳಿಗ್ಗೆ ಅದನ್ನು ಅಳಿಸಿದ್ದಕ್ಕೆ ಸಹಿ ಹಾಕಿದ ದೊಡ್ಡವರು. ಇಷ್ಟು ವರ್ಷ ನಾವು ಗೋಡೆಗೆ ನೇತುಹಾಕಿದ್ದು ಎರಡನೆಯವರನ್ನು. ಮೊದಲನೆಯವರು ಟ್ರಂಕಿನಲ್ಲಿದ್ದಾರೆ.

ದೊಡ್ಡವರ ಸ್ಮಾರಕ ಸಮಿತಿ ಯುದ್ಧಕಾಲದ ನಡಾವಳಿಗಳನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದೆ. ಸ್ಟೆನೋ ಅಮ್ಮ ಆ ಪುಟವನ್ನು ಬಿಡಿಸಿ ಬರೆದು, ಟೈಪ್ ಮಾಡಿದವಳು ನಾನೇ ಎಂದು ಸಹಿ ಹಾಕಿ, ಸಮಿತಿಗೆ ಕಳುಹಿಸಿದರು. ಹತ್ತು ದಿನಕ್ಕೆ ತೀರಿಕೊಂಡರು. ಉತ್ತರ ಮೊನ್ನೆ ಅವರ ಮನೆಗೆ ಬಂತು. ಬಹಳ ಗೌರವದ ಪತ್ರ. ಸಂತಾಪ ಇದೆ, ಸೇವೆಯ ಸ್ಮರಣೆ ಇದೆ, ಕೊನೆಗೆ — ಓದುತ್ತೇನೆ: "ಸದರಿ ಲಿಪಿಯನ್ನು ಓದಬಲ್ಲವರು ಈಗ ಯಾರೂ ಉಳಿದಿಲ್ಲವಾದ್ದರಿಂದ, ನಡಾವಳಿಯನ್ನು ಇದ್ದಂತೆಯೇ ಮುದ್ರಿಸಲು ಸೋಮವಾರದ ಸಭೆಯಲ್ಲಿ ಅನುಮೋದನೆ ಪಡೆಯಲಾಗುವುದು."

ಸಮಿತಿಯ ಕಾರ್ಯದರ್ಶಿಗಳೇ, ಎರಡನೇ ಸಾಲಿನಲ್ಲಿ ಕೂತಿದ್ದೀರಿ. ಓದಬಲ್ಲವರು ಇದ್ದಾರೆ. ನಾನು ಇದ್ದೇನೆ.

ಇದನ್ನು ಹೇಳಲೇ ಬೇಡವೇ ಎಂದು ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಸ್ಟೆನೋ ಅಮ್ಮನ ಮಗಳನ್ನು ಕೇಳಿದೆ. ಅಕ್ಕ ನರ್ಸ್, ಕೆಟ್ಟ ಸುದ್ದಿ ಕೇಳಿ, ಹೇಳಿ ಅಭ್ಯಾಸ ಇರುವವರು. ಆದರೂ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟರು. ಅಮ್ಮನ ಹೆಸರೂ ಕೆಡುತ್ತದಲ್ಲ ಎಂದರು. ಕೆಡಬಹುದು ಅಕ್ಕ ಎಂದೆ. ಸುಳ್ಳು ಹೇಳಲಾಗಲಿಲ್ಲ. ಕಂಬಿ ಬಿಟ್ಟು ಒಂದು ಮೆಟ್ಟಿಲು ಹತ್ತಿ ಅಂದರು:

"ಹೇಳು. ಹೇಳೋದಾದ್ರೆ ಅರ್ಧ ಹೇಳ್ಬೇಡ. ಅಮ್ಮ ಮಾಡಿದ್ದನ್ನೂ ಸೇರಿಸಿ ಹೇಳು."

ಸೇರಿಸಿ ಹೇಳಿದ್ದೇನೆ, ಅಕ್ಕ.

ಮೊದಲ ವರ್ಷದ ಹುಡುಗಿಯ ಮಾತನ್ನು ನಂಬಿ ಎಂದು ಸಮಿತಿಯನ್ನು ಕೇಳುತ್ತಿಲ್ಲ. ಪರೀಕ್ಷೆ ಮಾಡಿ. ಟ್ರಂಕಿನಲ್ಲಿ ನಾನು ಇನ್ನೂ ತೆರೆಯದ ಹನ್ನೆರಡು ನೋಟ್‌ಬುಕ್ಕುಗಳಿವೆ; ಗ್ರಂಥಪಾಲಕರು ಅವನ್ನು ನಿನ್ನೆ ಮೊಹರು ಮಾಡಿ ಇಟ್ಟಿದ್ದಾರೆ. ಸೋಮವಾರ ನಿಮಗೆ ಬೇಕಾದ್ದನ್ನು ಒಡೆಯಿರಿ, ಬೇಕಾದ ಪುಟ ತೆಗೆಯಿರಿ. ದೊಡ್ಡವರು ರೇಡಿಯೋದಲ್ಲಿ ಮಾಡಿದ ಭಾಷಣಗಳೂ ಅವುಗಳಲ್ಲಿವೆಯಂತೆ; ಧ್ವನಿಮುದ್ರಣ ನಿಮ್ಮ ಹತ್ತಿರವೇ ಇದೆ. ನಾನು ಓದುತ್ತೇನೆ, ನೀವು ಕೇಳಿಸಿಕೊಂಡು ಹೋಲಿಸಿ. ತಪ್ಪಿದರೆ ಎಲ್ಲರ ಮುಂದೆ ತಪ್ಪುತ್ತೇನೆ, ಬಾಯಿ ಮುಚ್ಚಿಕೊಂಡು ಹಾಸ್ಟೆಲ್ಲಿಗೆ ಹೋಗುತ್ತೇನೆ. ತಪ್ಪದಿದ್ದರೆ ಹದಿನೇಳನೆಯದನ್ನು ತೆಗೆಯುತ್ತೇನೆ. ಭಯ ಇದೆ. ಆದರೂ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿಯ ಬಾಗಿಲಲ್ಲಿರುತ್ತೇನೆ. ಅಣ್ಣ ರಜೆ ಬರೆದುಕೊಟ್ಟಿದ್ದಾರೆ, ಜೊತೆಗೆ ಬರುತ್ತಾರೆ.

ಈಗ ಸ್ಟೆನೋ ಅಮ್ಮನಿಗಾಗಿ ಎರಡು ನಿಮಿಷ ಎಲ್ಲರೂ ಎದ್ದು ಮೌನವಾಗಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಅವರೊಬ್ಬರಿಗೆ. ಕೆಳಪೇಟೆಯ ಸಾವಿರದ ಇನ್ನೂರು ಜನರಿಗೆ ಇವತ್ತು ಬೇಡ. ಅವರ ವಿಷಯದಲ್ಲಿ ಮೊದಲು ಮಾತು ಆಗಲಿ, ಆಮೇಲೆ ಮೌನ.

ದಯವಿಟ್ಟು ಏಳಿ.